ಉಡುವವರಿದ್ದರೆ ಹೊಲಿಯುವವರು: ಹೋ-ಚಂಕ್ ಜನರ ಮಣಿಕೆಲಸ ಮತ್ತು ರಿಬ್ಬನ್ ಹೊಲಿಗೆ

(ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನೆಲೆಸಿರುವ ಕನ್ನಡಿಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಊರಲ್ಲಿರುವ ನಮ್ಮವರಲ್ಲಿ ಮೆಂಡೋಟಾ ಸರೋವರದ ದಂಡೆಯಲ್ಲಿ ಓಡಾಡದವರು ಯಾರೂ ಇರಲಿಕ್ಕಿಲ್ಲ. ಅಲ್ಲೇ ವಿಶ್ವವಿದ್ಯಾಲಯದ ಅಬ್ಸರ್ವೇಟರಿ ಗುಡ್ಡದ ಮೇಲೆ ಹುಲ್ಲು ಬೆಳೆದ ದಿಬ್ಬಗಳಿವೆ. ಒಂದು ಹಕ್ಕಿಯ ಆಕಾರದ್ದು, ಇನ್ನೊಂದು ಎರಡು ಬಾಲದ ಜಲಜೀವಿಯದ್ದು. ಸುಮಾರು ಸಾವಿರ ವರ್ಷದ ಹಿಂದೆ ಮಣ್ಣು ಹೊತ್ತು ಅವನ್ನು ಕಟ್ಟಿದವರು ಇಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರ ಹಿರೀಕರು. ನಾಲ್ಕು ಸರೋವರಗಳ ಈ ಸೀಮೆ ಅವರದ್ದು. ಅಮೆರಿಕ ಸರ್ಕಾರದ ಜೊತೆಗಿನ 1832ರ ಒಪ್ಪಂದದಲ್ಲಿ ಅದು ಅವರ ಕೈತಪ್ಪಿತು. ನಾವಿಂದು ಮನೆ ಸಾಲದ ಕಂತು ಕಟ್ಟುತ್ತಿರುವುದು ಆ ನೆಲಕ್ಕೆ.

ನಾನು ಮಾತಾಡಲು ಹೊರಟಿರುವುದು ಆ ಜನರ ಸೂಜಿ ದಾರದ ಬಗ್ಗೆ. ಗಾಜಿನ ಮಣಿ ಕೂರಿಸುವ, ರಿಬ್ಬನ್ ಕತ್ತರಿಸಿ ಮಡಿಸಿ ಹೊಲಿಯುವ ಕೆಲಸದ ಬಗ್ಗೆ. ಇದನ್ನು ಮ್ಯೂಸಿಯಂಗಳು ಉಳಿಸಿದವು ಅಂತ ಹೇಳುವವರಿದ್ದಾರೆ, ಪ್ರವಾಸಿಗರ ಸಂತೆ ಉಳಿಸಿತು ಅಂತ ಹೇಳುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಇಂಥ ದಿನದೊಳಗೆ ಇಂಥ ಮಗುವಿನ ಮೈಗೆ ಉಡುಪು ಸಿದ್ಧವಾಗಲೇಬೇಕು ಎಂಬ ಹೊಣೆಯನ್ನು ಅಜ್ಜಿಯಂದಿರು, ತಾಯಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರು ಬಿಡಲಿಲ್ಲ. ಅದರಿಂದ ಈ ವಿದ್ಯೆ ಉಳಿಯಿತು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಸ್ವಲ್ಪ ಹಿನ್ನೆಲೆ. ಯುರೋಪಿನವರು ಈ ಜನರನ್ನು ಕಂಡ ಮೊದಲ ದಾಖಲೆ 1634ರದ್ದು. ಜಾನ್ ನಿಕೊಲೇ ಎಂಬ ಫ್ರೆಂಚ್ ಅನ್ವೇಷಕ ಇವರನ್ನು ಭೇಟಿಯಾಗಲು ಬಂದಾಗ ಹೂವು, ಹಕ್ಕಿಗಳ ಚಿತ್ರವಿದ್ದ ಚೀನಾ ರೇಷ್ಮೆಯ ನಿಲುವಂಗಿ ತೊಟ್ಟಿದ್ದ ಎಂದು ಜೆಸ್ಯೂಟ್ ಪಾದ್ರಿಗಳ ಬರಹ ಹೇಳುತ್ತದೆ. ಮೊದಲ ಭೇಟಿಯ ಕಥೆಯಲ್ಲೇ ಬಟ್ಟೆಗೆ ಇಷ್ಟು ಜಾಗ ಇದೆ ನೋಡಿ! ಆಮೇಲೆ ತುಪ್ಪಳದ ವ್ಯಾಪಾರ ಬಂತು, ಅದರ ಜೊತೆ ಕಾಯಿಲೆಗಳೂ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಸೀಸದ ಗಣಿ ಮತ್ತು ಜಮೀನಿನ ಆಸೆಗೆ 1829, 1832, 1837ರಲ್ಲಿ ಒಂದರ ಹಿಂದೆ ಒಂದು ಒಪ್ಪಂದ ಮಾಡಿಸಿಕೊಂಡರು. 1837ರದ್ದು ಶುದ್ಧ ಮೋಸ. ವಾಷಿಂಗ್ಟನ್‌ಗೆ ಹೋಗಿದ್ದ ನಿಯೋಗಕ್ಕೆ ನೆಲ ಬಿಟ್ಟುಕೊಡುವ ಅಧಿಕಾರವೇ ಇರಲಿಲ್ಲ. ಜಾಗ ಖಾಲಿ ಮಾಡಲು 8 ವರ್ಷ ಇದೆ ಅಂದುಕೊಂಡು ಅವರು ಗುರುತು ಹಾಕಿದರು, ಕಾಗದದಲ್ಲಿದ್ದದ್ದು 8 ತಿಂಗಳು.

ಅಲ್ಲಿಂದ ಶುರುವಾಯಿತು ಅಲೆದಾಟ. ಮೊದಲು ಅಯೋವಾ, ಆಮೇಲೆ ಮಿನ್ನೆಸೋಟಾದ ಲಾಂಗ್ ಪ್ರೇರಿ, 1855ರಲ್ಲಿ ಅದೇ ರಾಜ್ಯದ ಬ್ಲೂ ಅರ್ತ್. ಅಲ್ಲಿ ಬೇಸಾಯ ಮಾಡಿ ಬೇರು ಬಿಡುವಷ್ಟರಲ್ಲಿ ಡಕೋಟಾ ಎಂಬ ಇನ್ನೊಂದು ಮೂಲನಿವಾಸಿ ಜನರಿಗೂ ಅಮೆರಿಕ ಸರ್ಕಾರಕ್ಕೂ 1862ರ ಯುದ್ಧ ಬಂತು. ಆ ಯುದ್ಧದ ನೆಪ ಮಾಡಿ 1863ರಲ್ಲಿ ಇವರನ್ನೂ ದಕ್ಷಿಣ ಡಕೋಟಾದ ಕ್ರೋ ಕ್ರೀಕ್‌ಗೆ ಸಾಗಿಸಿದರು. ನೂರಾರು ಜನ ಸತ್ತರು. ಬದುಕುಳಿದವರು ನೆಬ್ರಾಸ್ಕಾದ ಒಮಾಹಾ ಜನರ ಆಸರೆಗೆ ಹೋದರು, 1865ರಲ್ಲಿ ಅಲ್ಲೇ ಒಂದು ಮೀಸಲು ಪ್ರದೇಶ ಸಿಕ್ಕಿತು. ಇನ್ನು ಕೆಲವರು ಪ್ರತಿ ಸಲ ಎತ್ತಿಕೊಂಡು ಹೋಗಿ ಬಿಟ್ಟಾಗಲೂ ವಿಸ್ಕಾನ್ಸಿನ್‌ಗೆ ನಡೆದುಕೊಂಡೇ ಹಿಂತಿರುಗುತ್ತಿದ್ದರು. 1874ರಲ್ಲಿ ಸೈನಿಕರು ಮತ್ತೆ ಹಿಡಿದು ಕಳಿಸಿದರು, ಬಹುಪಾಲು ಜನ ಮತ್ತೆ ಬಂದರು. ಕೊನೆಗೆ ಸರ್ಕಾರವೇ ಸೋತು 40 ಎಕರೆಯ ತುಂಡುಗಳಲ್ಲಿ ಇರಲು ಬಿಟ್ಟಿತು.

ಅದರಿಂದಾಗಿ ಇಂದಿಗೂ ವಿಸ್ಕಾನ್ಸಿನ್‌ನ ಹೋ-ಚಂಕ್ ರಾಷ್ಟ್ರಕ್ಕೆ ಒಟ್ಟಾಗಿರುವ ಒಂದು ಮೀಸಲು ಪ್ರದೇಶ ಇಲ್ಲ. ಅವರ ಆಡಳಿತ ಕೇಂದ್ರ ಬ್ಲ್ಯಾಕ್ ರಿವರ್ ಫಾಲ್ಸ್‌ನಲ್ಲಿದೆ, ಜನ ಹಲವು ಕೌಂಟಿಗಳಲ್ಲಿ ಚದುರಿದ್ದಾರೆ, ಮಿಲ್ವಾಕಿ, ಮ್ಯಾಡಿಸನ್, ಮಿನಿಯಾಪೊಲಿಸ್‌ನಂಥ ನಗರಗಳಲ್ಲಿದ್ದಾರೆ. ನೆಬ್ರಾಸ್ಕಾದಲ್ಲಿ ಉಳಿದವರದು ವಿನ್ನೆಬಾಗೋ ಎಂಬ ಹೆಸರಿನ ಬೇರೆಯೇ ಬುಡಕಟ್ಟು ಸರ್ಕಾರ. ಹೀಗೆ ಚದುರಿದ ಜನ ಒಂದು ಸಮಾಜ ಎನಿಸಿಕೊಳ್ಳುವುದು ಒಟ್ಟು ಸೇರಿದಾಗ. ಹೆಸರಿಡುವ ಊಟ, ಸೇನೆಯಿಂದ ಬಂದವರ ಸನ್ಮಾನ, ಹಬ್ಬದ ಕುಣಿತ, ಸಾವಿನ ಮನೆ. ಒಟ್ಟು ಸೇರಬೇಕೆಂದರೆ ಉಡಬೇಕು. ಉಡಬೇಕೆಂದರೆ ಯಾರಾದರೂ ಹೊಲಿಯಬೇಕು.

ಈಗ ಕೈಕೆಲಸಕ್ಕೆ ಬರೋಣ. ರಿಬ್ಬನ್ ಹೊಲಿಗೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗ್ರೇಟ್ ಲೇಕ್ಸ್ ಪ್ರದೇಶದ ಜನರ ಕೈಚಳಕ ಇದರಲ್ಲಿ ಎದ್ದು ಕಾಣುತ್ತದೆ. ಹೋ-ಚಂಕ್, ಮೆನೋಮಿನಿ, ಪೊಟವಾಟೊಮಿ, ಮೆಸ್ಕ್ವಾಕಿ, ದೂರದ ಒಸೇಜ್, ಇವರೆಲ್ಲರಲ್ಲೂ ಇದು ಇದೆ. ರೇಷ್ಮೆ ರಿಬ್ಬನ್ ಬಂದದ್ದು ಹದಿನೆಂಟನೆಯ ಶತಮಾನದ ವ್ಯಾಪಾರಿಗಳಿಂದ. ಬೇರೆಯವರು ಅದನ್ನು ಅಂಚಿಗೆ ಪಟ್ಟಿ ಹೊಲಿದು ಬಿಟ್ಟರೆ, ಇವರು ಅದಕ್ಕೆ ಕತ್ತರಿ ಹಾಕಿದರು.

ಎರಡು ಬಣ್ಣದ ರಿಬ್ಬನ್ ತೆಗೆದುಕೊಳ್ಳಿ, ಕೆಂಪು ಮತ್ತು ಕಪ್ಪು ಅನ್ನೋಣ. ಕಪ್ಪಿನ ಮೇಲೆ ಕೆಂಪನ್ನು ಇಟ್ಟು ಕಚ್ಚಾ ಹೊಲಿಗೆ ಹಾಕುತ್ತಾರೆ. ಕಾಗದದಲ್ಲಿ ಕತ್ತರಿಸಿಟ್ಟ ನಮೂನೆಯನ್ನು ಕೆಂಪಿನ ಮೇಲಿಟ್ಟು ಗೆರೆ ಎಳೆಯುತ್ತಾರೆ. ಆ ಗೆರೆಯುದ್ದಕ್ಕೂ ಒಮ್ಮೆಗೇ ಕತ್ತರಿಸಿಕೊಂಡು ಹೋಗುವ ಹಾಗಿಲ್ಲ, ರೇಷ್ಮೆಯ ಎಳೆ ಬಿಚ್ಚಿಕೊಳ್ಳುತ್ತದೆ. ಒಂದಿಷ್ಟು ಕತ್ತರಿಸಬೇಕು, ಕತ್ತರಿಸಿದ ಅಂಚನ್ನು ಸೂಜಿಯ ತುದಿಯಿಂದಲೇ ಒಳಕ್ಕೆ ಮಡಿಸಬೇಕು, ಕಾಣದ ಹಾಗೆ ಸಣ್ಣ ಹೊಲಿಗೆ ಹಾಕಿ ಕೂರಿಸಬೇಕು, ಆಮೇಲೆ ಮತ್ತೊಂದಿಷ್ಟು. ಒಳ ತಿರುವು ಬಂದಲ್ಲಿ ಬಟ್ಟೆಗೆ ಕಚ್ಚು ಕೊಡದಿದ್ದರೆ ಸುಕ್ಕುಗಟ್ಟುತ್ತದೆ, ಕಚ್ಚು ಹೆಚ್ಚಾದರೆ ಅಂಚೇ ಹರಿಯುತ್ತದೆ. ಇಷ್ಟಾದ ಮೇಲೆ ಅದೇ ನಮೂನೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇನ್ನೊಂದು ಪಟ್ಟಿ ಮಾಡಿ ಪಕ್ಕಕ್ಕೆ ಜೋಡಿಸುತ್ತಾರೆ. ಎರಡನೆಯದರಲ್ಲಿ ಬಣ್ಣಗಳನ್ನು ಅದಲು ಬದಲು ಮಾಡುವುದೂ ಉಂಟು. ಆಗ ಹೂವು ಯಾವುದು, ಹಿನ್ನೆಲೆ ಯಾವುದು ಎಂದು ಕಣ್ಣಿಗೆ ತೀರ್ಮಾನ ಮಾಡಲು ಆಗುವುದಿಲ್ಲ. ಇಂಥ ಪಟ್ಟಿಗಳು ಹೆಂಗಸರ ಲಂಗದ ಮುಂಭಾಗದಲ್ಲಿ, ಹೊದೆಯುವ ಉಣ್ಣೆಯ ಶಾಲಿನ ಅಂಚಿನಲ್ಲಿ ಬರುತ್ತವೆ. ಈಗ ರೇಷ್ಮೆಯ ಬದಲು ಸ್ಯಾಟಿನ್ ಬಂದಿದೆ, ಅಂಚು ಕೂರಿಸಲು ಹೊಲಿಗೆ ಯಂತ್ರ ಬಳಸುವವರೂ ಇದ್ದಾರೆ. ಕಾಗದದ ನಮೂನೆಗಳಂತೂ ಮನೆತನದ ಆಸ್ತಿ. ಅವು ತಾಯಿಯಿಂದ ಮಗಳಿಗೆ ಹೋಗುತ್ತವೆ.

ಇನ್ನು ಮಣಿ. ರವಿಕೆಗೆ ಆರಿ ವರ್ಕ್ ಮಾಡಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ಮಣಿ ಸಾಲಾಗಿ ಹೇಗೆ ಬಟ್ಟೆಗೆ ಕಚ್ಚಿ ಕೂರುತ್ತದೋ ಇಲ್ಲೂ ಹಾಗೇ, ಆದರೆ ಕೊಕ್ಕೆಸೂಜಿ ಇಲ್ಲ. ಒಂದು ಸೂಜಿಯ ದಾರದಲ್ಲಿ ಮಣಿ ಪೋಣಿಸಿ ಚಿತ್ರದ ಗೆರೆಯ ಮೇಲೆ ಮಲಗಿಸುತ್ತಾರೆ, ಎರಡನೆಯ ಸೂಜಿಯಿಂದ ಎರಡು ಮೂರು ಮಣಿಗೊಮ್ಮೆ ಆ ದಾರವನ್ನು ಬಟ್ಟೆಗೆ ಕಟ್ಟುತ್ತಾರೆ. ಹೂವಿನ ಎಸಳನ್ನು ಹೊರಗಿನ ಗೆರೆಯಿಂದ ಒಳಕ್ಕೆ ಸುತ್ತು ಸುತ್ತಾಗಿ ತುಂಬುತ್ತಾ ಬರುತ್ತಾರೆ. ಸಾಮಾನ್ಯವಾಗಿ ಬಳಸುವ 11ನೇ ನಂಬರಿನ ಮಣಿಯ ಅಗಲ ಸುಮಾರು 2 ಮಿಲಿಮೀಟರ್. ನಂಬರು ಹೆಚ್ಚಿದಷ್ಟೂ ಮಣಿ ಸಣ್ಣದು, ಹಳೆಯ ನಾಜೂಕು ಕೆಲಸಗಳಲ್ಲಿ ಇನ್ನೂ ಸಣ್ಣ ಮಣಿ ಕಾಣುತ್ತದೆ. ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕಾಗುವುದಿಲ್ಲ. ಇದರ ಹೊರತು ಪುಟ್ಟ ಮಗ್ಗದ ಮೇಲೆ ನೇಯುವ ಪಟ್ಟಿಗಳೂ ಇವೆ. ಹೋ-ಚಂಕ್ ಹೆಂಗಸರ ಕೂದಲಿನ ಒಡವೆ ನೋಡಿದರೆ ಅದರ ಅಂದ ಗೊತ್ತಾಗುತ್ತದೆ. ಹಿಂದೆ ಕಟ್ಟಿದ ಕೂದಲಿಗೆ ಮಣಿ ತುಂಬಿದ ಬಟ್ಟೆಯ ಸುತ್ತು, ಅದರಿಂದ ಬೆನ್ನ ಮೇಲೆ ಉದ್ದಕ್ಕೆ ಇಳಿಬಿಟ್ಟ ಮಣಿಯ ಪಟ್ಟಿಗಳು. ನಡೆದಾಡುವಾಗ ಅವು ಒಂದಕ್ಕೊಂದು ತಾಗುತ್ತವೆ. ಚರ್ಮದ ಪಾದರಕ್ಷೆ ಮೊಕ್ಯಾಸಿನ್‌ನಲ್ಲೂ ಇವರದೇ ಗುರುತಿದೆ. ಹೆಂಗಸರ ಮೊಕ್ಯಾಸಿನ್‌ನ ಮುಂದೆ ಅಗಲವಾದ ಒಂದು ಚರ್ಮದ ಮಡಿಕೆ ಬೆರಳುಗಳ ಮೇಲೆ ಬೀಳುತ್ತದೆ, ಅದರ ಮೇಲೆಲ್ಲ ಮಣಿ.

ಒಬ್ಬರು ಸಭೆಗೆ ಮುಂಚೆಯೇ ನನ್ನನ್ನು ಕೇಳಿದರು: ಗಾಜಿನ ಮಣಿ ವೆನಿಸ್‌ನದ್ದು, ಬೊಹೀಮಿಯಾದ್ದು, ಉಣ್ಣೆ ಬಟ್ಟೆ ಇಂಗ್ಲೆಂಡಿನ ಸ್ಟ್ರೌಡ್‌ನದ್ದು, ರಿಬ್ಬನ್ ಫ್ರೆಂಚರದ್ದು, ಹಾಗಾದರೆ ಇದರಲ್ಲಿ ಇವರದು ಏನು? ಗಾಜು ಬರುವ ಮೊದಲು ಇಲ್ಲಿನವರು ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಕಟ್ಟಿ, ಚಪ್ಪಟೆ ಮಾಡಿ ಚರ್ಮದ ಮೇಲೆ ಹೊಲಿಯುತ್ತಿದ್ದರು. ಚಿಪ್ಪು, ಮೂಳೆ, ತಾಮ್ರದ ಮಣಿಗಳೂ ಇದ್ದವು. ವಿನ್ಯಾಸ ಗೊತ್ತಿತ್ತು, ಕೈಗೆ ಅಭ್ಯಾಸವಿತ್ತು, ಹೊಸ ಸಾಮಗ್ರಿ ಬಂದಾಗ ಅದಕ್ಕೆ ಒಗ್ಗಿಸಿಕೊಂಡರು. ಸ್ಟ್ರೌಡ್ ಬಟ್ಟೆಗೆ ಬಣ್ಣ ಹತ್ತದೆ ಬಿಳಿಯಾಗಿ ಉಳಿದ ಅಂಚನ್ನು ಕತ್ತರಿಸಿ ಎಸೆಯುವ ಬದಲು ಅದನ್ನೇ ಉಡುಪಿನ ಅಂದಕ್ಕೆ ಹೊರಗೆ ಕಾಣುವಂತೆ ಹೊಲಿದರು. ಇವರದೇನು ಎಂಬ ಪ್ರಶ್ನೆಗೆ ಉತ್ತರ ಆ ಅಂಚಿನಲ್ಲೇ ಇದೆ ಅನಿಸುತ್ತದೆ ನನಗೆ.

ಈಗ ನೋವಿನ ಭಾಗ. ಹತ್ತೊಂಬತ್ತನೆಯ ಶತಮಾನದ ಕೊನೆ, ಸರ್ಕಾರ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿ ಶಾಲೆಗಳಿಗೆ ಹಾಕಿದ ಕಾಲ ಅದು. ವಿಸ್ಕಾನ್ಸಿನ್‌ನ ಟೋಮಾದಲ್ಲಿ 1893ರಲ್ಲಿ ಅಂಥ ಶಾಲೆ ತೆರೆಯಿತು. ಈ ಶಾಲೆಗಳಲ್ಲಿ ಅರ್ಧ ದಿನ ಪಾಠ, ಅರ್ಧ ದಿನ ದುಡಿಮೆ. ಹುಡುಗಿಯರಿಗೆ ಅಡುಗೆ, ಬಟ್ಟೆ ಒಗೆಯುವುದು, ಹೊಲಿಗೆ. ತಮ್ಮ ಉಡುಪು ಕಳಚಿಸಿದ ಶಾಲೆಗೆ ಸಮವಸ್ತ್ರ ಹೊಲಿದುಕೊಟ್ಟವರು ಆ ಹುಡುಗಿಯರೇ. ಅದೇ ಹೊಲಿಗೆ ಯಂತ್ರದ ವಿದ್ಯೆ ಮನೆಗೆ ಬಂದ ಮೇಲೆ ರಿಬ್ಬನ್ ಪಟ್ಟಿಯ ಲಂಗಗಳಿಗೂ ಒದಗಿತು. ಶಾಲೆಗೆ ಇದರ ಶ್ರೇಯ ಕೊಡಲು ನನಗೆ ಮನಸ್ಸಿಲ್ಲ. ಆ ಹೆಣ್ಣುಮಕ್ಕಳಿಗೆ ಕೊಡುತ್ತೇನೆ.

ಈ ಮಾತಿಗೆ ಕಲಾವಿದೆ ಏಂಜೆಲ್ ಡಿ ಕೋರಾ ಅವರ ಬದುಕನ್ನು ನೆನೆಯಬೇಕು. ನೆಬ್ರಾಸ್ಕಾದ ವಿನ್ನೆಬಾಗೋ ಮೀಸಲು ಪ್ರದೇಶದಲ್ಲಿ 1871ರಲ್ಲಿ ಹುಟ್ಟಿದವರು. 1883ರಲ್ಲಿ ಯಾರೋ ಬಿಳಿಯ ಅಪರಿಚಿತ ಬಂದು ಉಗಿಬಂಡಿಯಲ್ಲಿ ಕೂರುತ್ತೀರಾ ಅಂತ ಮಕ್ಕಳನ್ನು ಕೇಳಿದನಂತೆ. ರೈಲನ್ನೇ ಕಾಣದ ಮಕ್ಕಳು ಹೂಂ ಅಂದವು. ಇಳಿದದ್ದು ವರ್ಜೀನಿಯಾದ ಹ್ಯಾಂಪ್ಟನ್ ಶಾಲೆಯಲ್ಲಿ. ಕೆಲವು ವರ್ಷ ಕಳೆದು ಊರಿಗೆ ಬಂದಾಗ ತಂದೆ ತೀರಿಕೊಂಡಿದ್ದರು, ಹಿರಿಯ ಮುಖಂಡ ಮತ್ತು ಅವನ ಹೆಂಡತಿಯೂ ಇರಲಿಲ್ಲ, ಅವರೊಂದಿಗೆ ಹಳೆಯ ಬಾಳೂ ಹೋಗಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಆಮೇಲೆ ಸ್ಮಿತ್ ಕಾಲೇಜು, ಡ್ರೆಕ್ಸೆಲ್‌ನಲ್ಲಿ ಕಲಾಭ್ಯಾಸ, ಪತ್ರಿಕೆಗಳಿಗೆ ಕಥೆ, ಚಿತ್ರ. 1906ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಗೆ ಕಲೆ ಕಲಿಸಲು ಹೋದರು. ಮಕ್ಕಳಿಂದ ಅವರ ಜನಾಂಗವನ್ನೇ ಅಳಿಸಲು ಹುಟ್ಟಿದ ಶಾಲೆ ಅದು. ಅಲ್ಲೇ ನಿಂತು ಅವರು ಮಕ್ಕಳಿಗೆ ತಂತಮ್ಮ ಬುಡಕಟ್ಟಿನ ವಿನ್ಯಾಸ ಬಿಡಿಸಲು ಹೇಳಿಕೊಟ್ಟರು. 1919ರಲ್ಲಿ ತೀರಿಕೊಂಡರು, ವಯಸ್ಸು ಐವತ್ತೂ ಆಗಿರಲಿಲ್ಲ. ಅವರ ಹೆಸರು ಅಮೆರಿಕದ ಕಲಾ ಇತಿಹಾಸದಲ್ಲಿ ಈಗಿರುವುದಕ್ಕಿಂತ ಬಹಳ ಎತ್ತರದಲ್ಲಿ ಇರಬೇಕಿತ್ತು.

ಸಂತೆಯ ಮಾತೂ ಬರಬೇಕು. ವಿಸ್ಕಾನ್ಸಿನ್ ಡೆಲ್ಸ್‌ಗೆ ಮಕ್ಕಳನ್ನು ನೀರಾಟಕ್ಕೆ ಕರೆದೊಯ್ಯುವವರು ನಾವು. ಅಲ್ಲಿ ಹಿಂದಿನ ಹಲವು ದಶಕ ಹೋ-ಚಂಕ್ ಕುಟುಂಬಗಳು ಬೇಸಿಗೆಯಲ್ಲಿ ಪ್ರವಾಸಿಗರ ಎದುರು ಕುಣಿದು, ಕಪ್ಪು ಆ್ಯಶ್ ಮರದ ಬುಟ್ಟಿ, ಮಣಿಯ ಸಾಮಾನು ಮಾರಿ ಜೀವನ ಮಾಡಿದವು. ಆ ದುಡ್ಡು ಮುಖ್ಯವಾಗಿತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಾರುವುದಕ್ಕೆ ಮಾಡಿದ್ದು ಬೇರೆ, ಮನೆಯವರಿಗೆ ಮಾಡಿದ್ದು ಬೇರೆ. ಬ್ಲ್ಯಾಕ್ ರಿವರ್ ಫಾಲ್ಸ್‌ನಲ್ಲಿ ಚಾರ್ಲ್ಸ್ ವ್ಯಾನ್ ಸ್ಕೈಕ್ ಎಂಬ ಛಾಯಾಗ್ರಾಹಕರ ಸ್ಟುಡಿಯೋ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹೋ-ಚಂಕ್ ಕುಟುಂಬಗಳು ತಾವಾಗಿ ಹೋಗಿ ಅಲ್ಲಿ ಫೋಟೊ ತೆಗೆಸಿಕೊಂಡಿವೆ. ಆ ಚಿತ್ರಗಳಲ್ಲಿ ಹೆಂಗಸರು ಮೈತುಂಬ ಮಣಿಸರ, ಬೆಳ್ಳಿ ಬ್ರೂಚು, ರಿಬ್ಬನ್ ಪಟ್ಟಿಯ ಲಂಗದಲ್ಲಿ ಕೂತಿದ್ದಾರೆ. ದೇಶವೇ ಅವರನ್ನು ಮೂರು ದಶಕ ಅಟ್ಟಾಡಿಸಿದ ಬೆನ್ನಿಗೆ ತೆಗೆದ ಚಿತ್ರಗಳು ಅವು. ಹೊಟ್ಟೆಗೆ ಕಷ್ಟವಿದ್ದಾಗಲೂ ಮನೆಯವರ ಉಡುಪಿಗೆ ಕೈ ಬಿಗಿಹಿಡಿದಿರಲಿಲ್ಲ.

ಅಂಥ ಮನೆಗಳಿಂದಲೇ ಇಂದಿನ ದೊಡ್ಡ ಕಲಾವಿದರು ಬಂದದ್ದು. ಇದೇ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಶಿಲ್ಪಿ ಟ್ರೂಮನ್ ಲೋ ಬ್ಲ್ಯಾಕ್ ರಿವರ್ ಫಾಲ್ಸ್‌ನ ಹತ್ತಿರ ಹುಟ್ಟಿದವರು. ತಂದೆತಾಯಿ ಬುಟ್ಟಿ ಹೆಣೆಯುವುದನ್ನು, ಮಣಿಕೆಲಸ ಮಾಡುವುದನ್ನು ನೋಡುತ್ತಾ ಬೆಳೆದರು. ವಿಲೋ ಕಡ್ಡಿ, ಮರದ ಸೀಳುಗಳಿಂದ ಅವರು ಮಾಡಿದ ಶಿಲ್ಪಗಳಲ್ಲಿ ಬುಟ್ಟಿ ಹೆಣೆಯುವವರ ಕೈಯ ಗುರುತಿದೆ. 2019ರಲ್ಲಿ ಅವರು ತೀರಿಕೊಂಡರು. ಅದೇ ವಿಶ್ವವಿದ್ಯಾಲಯದ ಟಾಮ್ ಜೋನ್ಸ್ ಛಾಯಾಗ್ರಾಹಕರು. ತಮ್ಮ ಜನರ ಭಾವಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ, ಆ ಮುದ್ರಣದ ಮೇಲೆಯೇ ವ್ಯಕ್ತಿಯ ಸುತ್ತ ಕೈಯಿಂದ ಗಾಜಿನ ಮಣಿ ಹೊಲಿಯುತ್ತಾರೆ. ಹಿರೀಕರು ಜೊತೆಯಲ್ಲೇ ಇದ್ದಾರೆ ಎಂಬುದಕ್ಕೆ ಆ ಮಣಿಯ ಹೂಬಳ್ಳಿ. ಅವು ಎಲ್ಲಾದರೂ ಪ್ರದರ್ಶನಕ್ಕೆ ಬಂದರೆ ದಯವಿಟ್ಟು ಹೋಗಿ ನೋಡಿ, ಪಕ್ಕದಿಂದ ನಿಂತು ನೋಡಿ. ಬೆಳಕು ಬಿದ್ದಾಗ ಮಣಿಗಳು ಚಿತ್ರದಿಂದ ಎದ್ದು ಬರುತ್ತವೆ.

ಹಾಗಿದ್ದರೂ ಈ ವಿದ್ಯೆಯನ್ನು ಹೊತ್ತು ನಡೆಸುವವರಲ್ಲಿ ಹೆಚ್ಚಿನವರ ಹೆಸರು ಯಾವ ಗ್ಯಾಲರಿಯಲ್ಲೂ ಇಲ್ಲ. ಹಗಲು ಆಫೀಸು, ಆಸ್ಪತ್ರೆ, ಶಾಲೆಯಲ್ಲಿ ದುಡಿದು, ಸಂಜೆ ಊಟದ ಮೇಜಿನ ಮೇಲೆ ರಿಬ್ಬನ್ ಹರಡಿಕೊಂಡು ಕೂರುವ ಹೆಂಗಸರು ಅವರು. ಸಮುದಾಯ ಭವನದಲ್ಲಿ ಹೊಲಿಗೆ ತರಗತಿ ಎಂದರೆ ಮೂರು ತಲೆಮಾರು ಒಂದೇ ಮೇಜಿಗೆ ಕೂರುತ್ತದೆ. ಹದಿಹರೆಯದ ಹುಡುಗಿಗೆ ಮೊದಲು ಸಿಗುವುದು ತನ್ನದೇ ರಿಬ್ಬನ್ ಲಂಗ ಹೊಲಿಯುವ ಕೆಲಸ. ಬಣ್ಣ ಆರಿಸುವಾಗ ನಿನ್ನದು ಯಾವ ಕುಲ, ಗುಡುಗಿನದೋ ಕರಡಿಯದೋ ಎಂಬ ಮಾತು ಬರುತ್ತದೆ. ಹೋ-ಚಂಕರಲ್ಲಿ ಹನ್ನೆರಡು ಕುಲಗಳು. ಯಾರ ಮಗಳು, ಯಾರ ಮೊಮ್ಮಗಳು, ಅಜ್ಜಿ ಯಾವ ಹೂವು ಹೊಲಿಯುತ್ತಿದ್ದರು, ಎಲ್ಲವೂ ಕತ್ತರಿಯ ಸದ್ದಿನ ನಡುವೆ ಬರುತ್ತದೆ. ಅವರ ಭಾಷೆಯನ್ನು ಮನೆಮಾತಾಗಿ ಬಲ್ಲವರು ಈಗ ಬಹಳ ಕಡಿಮೆ. ಹಾಗಾಗಿ ಬಣ್ಣ, ಸೂಜಿ, ಹೂವುಗಳ ಹೆಸರನ್ನು ಆ ಮೇಜಿನಲ್ಲಿ ಕೇಳಿಸಿಕೊಂಡ ಮಗುವಿಗೆ ಅದು ಪುಸ್ತಕದ ಪಾಠಕ್ಕಿಂತ ಗಟ್ಟಿ.

ಹೊಲಿದದ್ದು ಹೋಗಿ ಸೇರುವ ಜಾಗವನ್ನು ನೀವೇ ನೋಡಬಹುದು. ಬ್ಲ್ಯಾಕ್ ರಿವರ್ ಫಾಲ್ಸ್‌ನಲ್ಲಿ ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯಕ್ಕೆ ಮತ್ತು ಸೆಪ್ಟೆಂಬರಿನ ಲೇಬರ್ ಡೇ ವಾರಾಂತ್ಯಕ್ಕೆ ಪವ್‌ವಾವ್, ಅಂದರೆ ಮೂಲನಿವಾಸಿಗಳು ಸೇರಿ ಹಾಡಿ ಕುಣಿಯುವ ಕೂಟ, ನಡೆಯುತ್ತದೆ, ಹೊರಗಿನವರಿಗೂ ಪ್ರವೇಶವಿದೆ. ಆ ವಾರಾಂತ್ಯದ ಮುಂಚಿನ ರಾತ್ರಿಗಳಲ್ಲಿ ಎಷ್ಟು ಮನೆಗಳಲ್ಲಿ ದೀಪ ಆರುವುದಿಲ್ಲವೋ! ಹೋದ ವರ್ಷದ ಲಂಗ ಮಗುವಿಗೆ ಗಿಡ್ಡವಾಗಿರುತ್ತದೆ, ಮೊಕ್ಯಾಸಿನ್ ಬಿಗಿಯಾಗಿರುತ್ತದೆ. ಬೆಳೆಯುವ ಮಕ್ಕಳಿರುವ ತನಕ ಕೆಲಸ ಮುಗಿಯುವುದೇ ಇಲ್ಲ. ಶಾಲೆ ಮುಗಿಸಿದ ಹುಡುಗ ಹುಡುಗಿಯರ ಪದವಿ ಟೋಪಿಯ ಚೌಕಕ್ಕೂ ಈಗ ಮಣಿ ಹೊಲಿಯುತ್ತಾರೆ. 2020ರಲ್ಲಿ ಕೋವಿಡ್ ಬಂದು ಕೂಟಗಳೆಲ್ಲ ನಿಂತಾಗ ದೇಶದುದ್ದಕ್ಕೂ ಮೂಲನಿವಾಸಿಗಳು ಮನೆಯಂಗಳದಲ್ಲೇ ಪೂರ್ತಿ ಉಡುಪು ಉಟ್ಟು ಕುಣಿದು ವಿಡಿಯೋ ಹಂಚಿಕೊಂಡರು. ಉಡಲು ಕಾರಣ ಕಸಿದುಕೊಂಡರೆ ಇನ್ನೊಂದು ಕಾರಣ ಹುಡುಕಿಕೊಂಡರು.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳು.

ಮಣಿಯ ಕಿವಿಯೋಲೆ ಕೊಂಡರೆ ನಾವು ಹಾಕಿಕೊಳ್ಳಬಹುದೇ ಎಂದು ಒಬ್ಬ ಅಕ್ಕ ಕೇಳಿದರು. ಮಾಡಿದವರೇ ಮಾರುತ್ತಿದ್ದರೆ ಧಾರಾಳವಾಗಿ ಕೊಳ್ಳಿ, ಹಾಕಿಕೊಳ್ಳಿ. ಮಾಡಿದವರ ಹೆಸರು, ಅವರ ಬುಡಕಟ್ಟಿನ ಹೆಸರು ಕೇಳಿ ತಿಳಿದುಕೊಳ್ಳಿ. ಮೂಲನಿವಾಸಿಗಳು ಮಾಡಿದ್ದು ಎಂದು ಸುಳ್ಳು ಹೇಳಿ ಮಾರುವುದು 1990ರ ಫೆಡರಲ್ ಕಾಯ್ದೆಯ ಪ್ರಕಾರ ಅಪರಾಧ, ಆದರೂ ನಕಲಿ ಮಾಲು ಬೇಕಾದಷ್ಟಿದೆ. ಬೆಲೆ ಚೌಕಾಸಿ ಮಾಡಬೇಡಿ. ಒಂದು ಜೊತೆ ಓಲೆಗೆ ಗಂಟೆಗಟ್ಟಲೆ ಕಣ್ಣು ನೆಟ್ಟು ಕೂತಿರುತ್ತಾರೆ. ಹದ್ದಿನ ಗರಿ ಇರುವ ವಸ್ತು ಮಾತ್ರ ಯಾರು ಕೊಟ್ಟರೂ ಕೊಳ್ಳಬೇಡಿ. ಅದನ್ನು ಮಾರುವುದೂ ಕೊಳ್ಳುವುದೂ ಕಾನೂನುಬಾಹಿರ.

ಪವ್‌ವಾವ್‌ಗೆ ಹೋದರೆ ಹೇಗಿರಬೇಕು ಎಂದು ಇನ್ನೊಬ್ಬರು ಕೇಳಿದರು. ನರ್ತಕರೆಲ್ಲ ಸಾಲಾಗಿ ಕಣಕ್ಕೆ ಬರುವಾಗ ಎದ್ದು ನಿಲ್ಲಿ. ನಿರೂಪಕರು ಫೋಟೊ ಬೇಡ ಎಂದಾಗ ಫೋನು ಒಳಗಿಡಿ, ಬೇರೆ ಹೊತ್ತಿನಲ್ಲೂ ಒಬ್ಬರ ಚಿತ್ರ ತೆಗೆಯುವ ಮುಂಚೆ ಅವರನ್ನು ಕೇಳಿ. ಉಡುಪನ್ನು ಮುಟ್ಟಿ ನೋಡಬೇಡಿ, ಅದನ್ನು ವೇಷ ಅನ್ನಬೇಡಿ. ಯಾರು ಹೊಲಿದುಕೊಟ್ಟರು ಎಂದು ಕೇಳಿದರೆ ಮಾತ್ರ ಯಾರೂ ಬೇಸರಪಡುವುದಿಲ್ಲ. ಬ್ಲ್ಯಾಕ್ ರಿವರ್ ಫಾಲ್ಸ್ ಇಲ್ಲಿಂದ ಕಾರಿನಲ್ಲಿ ಎರಡು ಗಂಟೆಯ ಹಾದಿ, ಕೂರಲು ಮಡಚುವ ಕುರ್ಚಿ ತೆಗೆದುಕೊಂಡು ಹೋಗಿ.